ನೀಲಿ ಬದಿ

ಶುಕ್ರವಾರದ ಪುಟದಲ್ಲಿ ದಾರದ ವಿಷಯ ಬರೆದಿಲ್ಲ. ಹಲ್ಲುಜ್ಜುತ್ತ, ಕನ್ನಡಿಯೊಳಗಿನ ನೊರೆ ತುಂಬಿದ ಬಾಯಿಗೆ, ಅವಳು ಇಷ್ಟನ್ನು ಒಪ್ಪಿಕೊಂಡಳು. ಬರೆಯುವುದಕ್ಕೇನು, ಮೂರು ಸಾಲು. ಹತ್ತನೇ ತರಗತಿಯಿಂದ ಒಂದು ದಿನವೂ ತಪ್ಪಿಸದೆ ಬರೆದ ಡೈರಿ. ಅಮ್ಮ ಕದ್ದು ಓದುತ್ತಾಳೆ ಎಂಬ ಅನುಮಾನವಿದ್ದ ವರ್ಷಗಳಲ್ಲೂ ಅದರಲ್ಲಿ ಅವಳು ಏನನ್ನೂ ಮುಚ್ಚಿಟ್ಟಿರಲಿಲ್ಲ. ಶುಕ್ರವಾರದ ಪುಟದಲ್ಲಿ ಇರುವುದು ಇಷ್ಟೇ: ಮೋಡ. ಐದು ಬಾಟಲಿ ಬಂದವು. ಬಸ್ಸಿನಲ್ಲಿ ಕೂರಲು ಜಾಗ ಸಿಕ್ಕಿತು. ಜಾಗ ಸಿಕ್ಕಿದ್ದು ನಿಜ. ಅವಳು ಉಗಿದಳು. ಒಸಡಿನಿಂದ ಬಂದ ರಕ್ತದ ಎಳೆಯೊಂದು ಬಿಳಿ ನೊರೆಯಲ್ಲಿ ಸುತ್ತಿಕೊಂಡು, ಬೇಸಿನ್ನಿನ ತೂತಿನವರೆಗೆ ಜಾರಿ, ಒಳಗೆ ಹೋಗಲು ಮನಸ್ಸಿಲ್ಲದಂತೆ ಅಂಚಿನಲ್ಲಿ ನಿಂತಿತು. ನಲ್ಲಿ ಬಿಟ್ಟರೂ ಹೋಗಲಿಲ್ಲ. ಕೊನೆಗೆ ಬೆರಳಿನಿಂದ ತಳ್ಳಿದಳು. ಬೆರಳಿಗೆ ತಾಕಿದ ಆ ಬೆಚ್ಚನೆಯ ಲೋಳೆ ತನ್ನದೇ ಎಂದು ಗೊತ್ತಿದ್ದೂ ಬೆರಳನ್ನು ಟವೆಲ್ಲಿಗೆ ಗಟ್ಟಿಯಾಗಿ ಒರೆಸಿದಳು.

"ಏನೇ ಅದು, ಅರ್ಧ ಗಂಟೆಯಿಂದ ಉಜ್ತಾನೇ ಇದ್ದೀಯ? ಇರೋ ಮೂವತ್ತೆರಡೂ ಸವೆದು ಹೋಗ್ತವೆ ನೋಡು," ಎಂದು ಅಮ್ಮ ಅಡುಗೆಮನೆಯಿಂದ ಕೂಗಿದಳು.

ತಟ್ಟೆಯಲ್ಲಿ ಎರಡು ಮೊಟ್ಟೆ. ಹಳದಿ ಒಡೆಯದಂತೆ, ಅವಳಿಗೆ ಇಷ್ಟವೆಂದು, ಅಮ್ಮ ಜೋಪಾನವಾಗಿ ಬೇಯಿಸಿದ್ದಳು. ಒಂದರ ಹಳದಿಯ ಮೇಲೆ ಕೂದಲೆಳೆಯಷ್ಟು ಸಣ್ಣ ಕಂದು ಗೀರು. ಕಣ್ಣಿಗೆ ಬಿದ್ದದ್ದೇ ತಡ, ಅದು ಕವಲೊಡೆದು ತಟ್ಟೆಯ ತುಂಬ ಹಬ್ಬುತ್ತಿರುವಂತೆ ತೋರಿತು. ಅವಳು ತಟ್ಟೆಯನ್ನು ಒಂದಿಷ್ಟು ಆಚೆ ಸರಿಸಿದಳು.

"ನೆನ್ನೆಯಿಂದ ಹೀಗೇ. ಕಣ್ಣ ಕೆಳಗೆ ನೋಡಿಕೊಂಡಿದ್ದೀಯಾ, ಮಸಿ ಮೆತ್ತಿದ ಹಾಗಿದೆ. ಆ ಮೈಕ್ರೋಸ್ಕೋಪಿಗೆ ಇಡೀ ದಿನ ಕಣ್ಣು ಅಂಟಿಸಿದರೆ ಇನ್ನೇನಾಗುತ್ತೆ? ನಿಮ್ಮ ಮೇಡಂ ಹತ್ತಿರ ಒಂದು ದಿನ ರಜ ಕೇಳು."

"ಹ್ಞೂಂ."

"ಹ್ಞೂಂ ಅಂತೀಯ, ಕೇಳಲ್ಲ. ನಿನ್ನ ಬಾಯಿಂದ ಒಂದು ಮಾತು ಹೊರಡಿಸೋದಕ್ಕೆ ಇಕ್ಕಳ ಹಾಕಿ ಎಳೀಬೇಕು." ಅಮ್ಮ ಇಷ್ಟಂದು ಅವಳ ಹಣೆ ಮುಟ್ಟಿ ನೋಡಿದಳು. ಜ್ವರವಿಲ್ಲ. ಜ್ವರವಿಲ್ಲದಿದ್ದರೆ ಬೇರೆ ಕಾರಣ ಬೇಕಲ್ಲ, ತಾನೇ ಹುಡುಕಿಕೊಂಡಳು: "ಪಾಪ, ಅಲ್ಲಿ ಎಲ್ಲ ಕೆಲಸ ನಿನ್ನ ತಲೆಗೇ ಕಟ್ತಾರೆ. ಬಾಯಿಲ್ಲದವಳು ಅಂತ." ಡಬ್ಬಿಗೆ ಎಂದಿಗಿಂತ ಒಂದು ಸೌಟು ಹೆಚ್ಚಿಗೆ ತುಂಬಿದಳು. ಅಮ್ಮನ ಬೆನ್ನು ನೋಡುತ್ತ ನಿಂತವಳಿಗೆ ಈ ಕನಿಕರವನ್ನು ತಾನು ಕದ್ದು ತಿನ್ನುತ್ತಿದ್ದೇನೆ ಅನ್ನಿಸಿತು. ಆದರೂ ಡಬ್ಬಿ ತೆಗೆದುಕೊಂಡಳು.

ಬಸ್ಸಿನ ಕಂಬಿಗೆ ನೂರು ಅಂಗೈಗಳ ಬೆವರು. ಹಿಡಿಯದೆ ನಿಂತರೆ ಬೀಳುತ್ತಾಳೆ, ಹಿಡಿದರೆ ಆ ಜಿಡ್ಡು ಅಂಗೈಗೆ ಅಂಟುತ್ತದೆ. ಅವಳು ಎರಡು ಬೆರಳಲ್ಲಿ ಹಿಡಿದಳು. ಶುಕ್ರವಾರ ಆ ತುಂಡನ್ನೂ ಹೀಗೇ, ಚಿಮುಟದ ಎರಡು ತುದಿಗಳಲ್ಲಿ, ಬಾಟಲಿಯಿಂದ ಎತ್ತಿದ್ದಳು. ಮೂರನೆಯ ಬಾಟಲಿ. ಒಬ್ಬ ಹೆಂಗಸಿನ ಎಡ ಸ್ತನದಿಂದ ತೆಗೆದ ಗಡ್ಡೆ, ಸುತ್ತಲಿನ ಕೊಬ್ಬಿನ ಸಮೇತ. ಅವಳ ಕೆಲಸ ಸರಳ, ಪದವಿ ಮುಗಿಸಿ ಒಂದು ವರ್ಷ ತರಬೇತಿ ಪಡೆದವರು ಯಾರೂ ಮಾಡಬಹುದು: ಆಪರೇಷನ್ ಥಿಯೇಟರಿನಿಂದ ಬಂದದ್ದನ್ನು ಅಳೆಯಬೇಕು, ತೂಗಬೇಕು, ಹೊರಮೈಗೆ ಬಣ್ಣ ಹಚ್ಚಬೇಕು, ಆಮೇಲೆ ಬ್ರೆಡ್ಡಿನಂತೆ ಹೋಳು ಮಾಡಿ ಮೇಣದಲ್ಲಿ ಹೂಳಲು ಕಳಿಸಬೇಕು. ಬಣ್ಣ ಹಚ್ಚುವುದು ದಿಕ್ಕು ಮರೆಯದಿರಲಿ ಎಂದು. ಮೈಯಿಂದ ಹೊರಬಂದ ಮಾಂಸಕ್ಕೆ ಮೇಲು ಕೆಳಗು ಇರುವುದಿಲ್ಲ. ಅದಕ್ಕೇ ಸರ್ಜನ್ ಎರಡು ದಾರ ಹೊಲಿದು ಕಳಿಸುತ್ತಾರೆ, ಗಿಡ್ಡ ದಾರ ಮೇಲಕ್ಕೆ, ಉದ್ದ ದಾರ ಹೊರಮಗ್ಗುಲಿಗೆ. ದಾರ ನೋಡಿ ಅವಳು ಮೇಲ್ಬದಿಗೆ ನೀಲಿ, ಕೆಳಬದಿಗೆ ಹಸಿರು, ಎದೆಗೂಡಿನ ಕಡೆಗೆ ಕಪ್ಪು, ಹೀಗೆ ಒಂದೊಂದು ಬದಿಗೆ ಒಂದೊಂದು ಬಣ್ಣ ಬಳಿಯುತ್ತಾಳೆ. ಮುಂದೆ ಮೈಕ್ರೋಸ್ಕೋಪಿನಲ್ಲಿ ಗಡ್ಡೆ ಯಾವ ಬಣ್ಣದವರೆಗೆ ಹೋಗಿ ಮುಟ್ಟಿದೆಯೋ ಆ ಬದಿಯಲ್ಲಿ, ಆ ಮೈಯೊಳಗೆ, ಇನ್ನಷ್ಟು ಉಳಿದಿದೆ ಎಂದು ಅರ್ಥ. ಶುಕ್ರವಾರ ಮೂರನೆಯ ಬಾಟಲಿಯ ತುಂಡಿಗೆ ಒಂದೇ ದಾರವಿತ್ತು. ಉದ್ದದ್ದು.

ಹೊರಮಗ್ಗುಲು ಗೊತ್ತು, ಮೇಲು ಗೊತ್ತಿಲ್ಲ. ಅವಳು ಅದನ್ನು ತಿರುಗಿಸಿದಳು, ಮತ್ತೆ ತಿರುಗಿಸಿದಳು. ಸುತ್ತಲೂ ಒಂದೇ ಹಳದಿ ಕೊಬ್ಬು, ಗ್ಲೌಸಿನಲ್ಲಿ ಜಾರುವಂಥದ್ದು; ಮೂಗಿಗೆ, ಮಾಂಸ ಕೆಡದಿರಲೆಂದು ಹಾಕುವ ಫಾರ್ಮಲಿನ್, ಅದರಡಿಯಲ್ಲಿ ಇನ್ನೊಂದು ಸಿಹಿ ವಾಸನೆ. ಸೂಜಿ ಚುಚ್ಚಿದಂತೆ ಕಾಣುವ ಹರಕುಗಳು ಮೂರು ಕಡೆ ಇದ್ದವು. ಫೋನು ಅಲ್ಲೇ ಗೋಡೆಯ ಮೇಲೆ, ಕೈಗೆ ಎಟುಕುವ ಹಾಗಿತ್ತು. ಥಿಯೇಟರಿನ ನಂಬರನ್ನು ಅದರ ನೆತ್ತಿಗೇ ಅಂಟಿಸಿದ್ದರು. ಒಂದು ಮಾತು, "ಸರ್, ಗಿಡ್ಡ ದಾರ ಬಿಚ್ಚಿಹೋಗಿದೆ, ಬಂದು ನೋಡ್ತೀರಾ?" ಸೇರಿದ ಹೊಸದರಲ್ಲಿ ಒಮ್ಮೆ ಹಾಗೆ ಫೋನು ಮಾಡಿದ್ದಳು, ಯಾವುದೋ ಚೀಟಿಯ ಅಕ್ಷರ ಅರ್ಥವಾಗದೆ. ಆ ಕಡೆ ಯಾರೋ ಸ್ಪೀಕರ್ ಒತ್ತಿದ್ದರು. ಅವಳ ದನಿ ಅವಳಿಗೇ ತಗಡಿನ ಡಬ್ಬದೊಳಗಿಂದ ಬಂದಂತೆ ಕೇಳಿತು. "ಯಾರಪ್ಪಾ ಇದು? ಫೋನೊಳಗೆ ಇಲಿ ಸೇರ್ಕೊಂಡಿದೆ!" ಎಂದು ಸರ್ಜನ್ ಅಂದದ್ದು, ನರ್ಸುಗಳ ನಗು, ಒಂದು ಕತ್ತರಿ ಟ್ರೇಗೆ ಬಿದ್ದ ಠಣ್ ಸದ್ದು. ಉತ್ತರ ಪಡೆಯದೆ ಫೋನಿಟ್ಟಿದ್ದಳು. ಅದರಲ್ಲಿ ಕೆಡುಕೇನೂ ಇರಲಿಲ್ಲ, ದಿನವಿಡೀ ನಿಂತು ಕೊಯ್ಯುವವರ ಬೇಸರದ ತಮಾಷೆ. ಅವಳಿಗೂ ಗೊತ್ತು. ಗೊತ್ತಿದ್ದೂ ಎರಡು ವರ್ಷದಿಂದ ಆ ಫೋನು ಮುಟ್ಟಿಲ್ಲ. ಕೇಳಬೇಕಾದದ್ದಿದ್ದರೆ ಎರಡು ಮಹಡಿ ಇಳಿದುಹೋಗಿ, ಬಾಗಿಲಲ್ಲಿ ನಿಂತು, ಯಾರಾದರೂ ತಾವಾಗಿ "ಏನಮ್ಮ?" ಎನ್ನುವವರೆಗೆ ಕಾಯುತ್ತಾಳೆ. ಶುಕ್ರವಾರ ಇನ್ನೂ ಎರಡು ಬಾಟಲಿ ಬಾಕಿ ಇತ್ತು, ಬಸ್ಸಿಗೆ ಹೊತ್ತಾಗಿತ್ತು. ಮೂರು ಹರಕುಗಳಲ್ಲಿ ಒಂದು ಉಳಿದೆರಡಕ್ಕಿಂತ ಚೂರು ಚೊಕ್ಕವಾಗಿ ಕಂಡಿತು. ಅಲ್ಲಿಗೆ ನೀಲಿ ಹಚ್ಚಿದಳು. ಉಳಿದ ಬಣ್ಣಗಳು ತಾವಾಗಿಯೇ ತಮ್ಮ ತಮ್ಮ ಜಾಗಕ್ಕೆ ಬಂದವು. ಎಲ್ಲ ಹೋಳಾದ ಮೇಲೆ, ಬಾಟಲಿಯ ನೀರು ಚೆಲ್ಲುವಾಗ, ತಳದಲ್ಲಿ ಆ ದಾರ ಸಿಕ್ಕಿತು. ಗಂಟು ಬಿಚ್ಚಿರಲಿಲ್ಲ. ಕೊಬ್ಬನ್ನು ಹರಿದುಕೊಂಡು ಇಡಿಯಾಗಿ ಕಳಚಿ ಬಂದಿತ್ತು, ಗಂಟಿನ ನಡುವೆ ಇನ್ನೂ ಒಂದು ಹಳದಿ ಕಾಳು. ಅದನ್ನು ಟಿಶ್ಯೂ ಕಾಗದದಲ್ಲಿ ಸುತ್ತಿ ಆಸ್ಪತ್ರೆ ಕಸದ ಹಳದಿ ಬುಟ್ಟಿಗೆ ಹಾಕಿದಳು. ಊಹಿಸಿದ್ದು ತಪ್ಪಿರಬಹುದು. ಸುತ್ತಿ ಹಾಕಿದ್ದಕ್ಕೆ ಮಾತ್ರ ಬೇರೆ ಹೆಸರಿದೆ. ಮೋಡ, ಐದು ಬಾಟಲಿ, ಬಸ್ಸಿನಲ್ಲಿ ಜಾಗ.

ಲ್ಯಾಬಿನ ಬಾಗಿಲು ತೆರೆದದ್ದೇ ಮೇಣದ ಬಿಸಿ ವಾಸನೆ. ಬ್ಲೇಡಣ್ಣ ಆಗಲೇ ಕೂತಿದ್ದ. ಅವನ ನಿಜವಾದ ಹೆಸರು ಸಂಬಳದ ಗುಮಾಸ್ತನಿಗೆ ಬಿಟ್ಟರೆ ಯಾರಿಗೂ ನೆನಪಿಲ್ಲ. ಮೂವತ್ತು ವರ್ಷದಿಂದ ಮೇಣದಲ್ಲಿ ಹೂತ ಮಾಂಸವನ್ನು ಹಾಳೆ ಹಾಳೆಯಾಗಿ ಕತ್ತರಿಸುತ್ತ ಬಂದವನು. ಅವನ ಕೈಯಡಿ ಪದರಗಳು ರಿಬ್ಬನ್ನಿನಂತೆ ಹೊರಬಂದು ಬೆಚ್ಚನೆಯ ನೀರಿನ ಮೇಲೆ ತೇಲುತ್ತವೆ.

"ಬಂದ್ಯಾ ಪುಟ್ಟಕ್ಕ. ನೆನ್ನೆ ನಮ್ಮನೆಯವಳು ಟೊಮೇಟೊ ಹೆಚ್ಚೋದನ್ನ ನೋಡ್ತಾ ಕೂತಿದ್ದೆ ಕಣಮ್ಮ. ಒಂದೊಂದು ಹೋಳು ಬೆರಳು ದಪ್ಪ! ಹೊಟ್ಟೆ ಉರಿದುಹೋಯ್ತು. ಕೂದಲನ್ನ ಇಪ್ಪತ್ತು ಸೀಳು ಮಾಡೋ ಕೈ ಇದು, ಕೊಡೇ ಇಲ್ಲಿ ಅಂದೆ. ಕೊಟ್ಟಳು. ಮೂರು ಟೊಮೇಟೊ ಮುಗಿಸೋಷ್ಟರಲ್ಲಿ ಒಲೆ ಆರಿಸಿ ಮಲಗಿಬಿಟ್ಟಿದ್ದಳು."

ಅವಳು ನಕ್ಕಳು. ನಗು ಬಾಯಿಯಲ್ಲೇ ಉಳಿದು ಹುಳಿಯಾಯಿತು.

"ಯಾಕಮ್ಮ, ಮುಖ ಬಾಡಿದೆ? ಇವತ್ತಿನ ಬಾಟಲಿಗಳು ನನಗಿರಲಿ ಬಿಡು. ನೀನು ಹೋಗಿ ಮೇಡಂ ಹೇಳಿದ್ದು ಎಣಿಸಿಕೊಂಡು ಕೂತ್ಕೋ, ತಣ್ಣಗೆ." ಕೇಳದೆಯೇ ಕೊಟ್ಟ. ಅವಳು ತೆಗೆದುಕೊಂಡಳು. ನೆನ್ನೆಯೂ ತೆಗೆದುಕೊಂಡಿದ್ದಳು.

ಮೇಡಂ ಹೇಳಿದ್ದು ನಾಳ ಎಣಿಸುವುದು. ಲ್ಯಾಬಿನ ಮುಖ್ಯಸ್ಥೆಯಾದ ಅವರು ಗಡ್ಡೆಗಳ ಸುತ್ತ ಹುಟ್ಟುವ ರಕ್ತನಾಳಗಳ ಮೇಲೆ ಏಳು ವರ್ಷದಿಂದ ಏನೋ ಬರೆಯುತ್ತಿದ್ದಾರೆ, ಮುಗಿದಿಲ್ಲ. ನಾಳಗಳ ಒಳಪದರ ಮಾತ್ರ ಕಂದು ಬಣ್ಣ ಹಿಡಿಯುವ ಹಾಗೆ ಸ್ಲೈಡು ಮಾಡಿಸಿ, ಎಲ್ಲಿ ದಟ್ಟವಾಗಿದೆಯೋ ಅಲ್ಲಿ ಎಣಿಸಿ ಅಂಕಿ ಬರೆದಿಡಬೇಕು. ಇವತ್ತಿನ ಟ್ರೇಯ ಮೊದಲನೇ ಸ್ಲೈಡಿನ ನಂಬರು ನೋಡಿದ ಕೂಡಲೇ ಅವಳು ಅದನ್ನು ಕೊನೆಗೆ ಸರಿಸಹೋದಳು. ಮೂರನೆಯ ಬಾಟಲಿ.

"ಆಹಾ, ಅದನ್ನೇ ಮೊದಲು ಹಾಕು," ಎಂದು ಮೇಡಂ ಹಿಂದಿನಿಂದ ಬಂದು, ಎರಡು ಜನ ಒಟ್ಟಿಗೆ ನೋಡುವ ಮೈಕ್ರೋಸ್ಕೋಪಿನ ಆಚೆ ಬದಿಗೆ ಕೂತರು. ಅವರಿಗೆ ಅರವತ್ತು ಹತ್ತಿರ. ಚಹಾದ ಲೋಟ ಯಾವಾಗಲೂ ಕೈಯಲ್ಲಿ. ಮನುಷ್ಯರ ಬಗ್ಗೆ ಬೇಸರವಿದ್ದಷ್ಟೇ ಕೋಶಗಳ ಬಗ್ಗೆ ಅಕ್ಕರೆ. "ನೀಲಿ ಅಂಚಿನ ಕಡೆ ಬಾ. ನೋಡಿದ್ಯಾ? ಹೇಗೆ ನುಗ್ಗಿದೆ ನೋಡು, ಸಾಲುಗಟ್ಟಿಕೊಂಡು."

ಅವಳು ನೋಡಿದಳು. ಎಡಗಡೆ ತಿಳಿಗುಲಾಬಿ ನಾರು, ದೊಡ್ಡ ದೊಡ್ಡ ಕೊಬ್ಬಿನ ಗುಳ್ಳೆಗಳು, ಶಾಂತವಾಗಿ, ಖಾಲಿ ಮನೆಗಳಂತೆ. ಬಲಗಡೆಯಿಂದ ನೇರಳೆ ಬಣ್ಣದ ಕೋಶಗಳು ಒಂದರ ಮೇಲೊಂದು ಹತ್ತಿಕೊಂಡು, ಒಂದಕ್ಕೊಂದು ಅಳತೆಯಿಲ್ಲದೆ ಉಬ್ಬಿ, ಆ ಮನೆಗಳ ಸಂದುಗಳಲ್ಲಿ ತೂರಿಕೊಂಡಿದ್ದವು. ಅವುಗಳ ಸುತ್ತ ಕಂದು ನಾಳಗಳು. ಒಂದೂ ನೆಟ್ಟಗಿಲ್ಲ. ಹೆಣೆದುಕೊಂಡು, ತಿರುಚಿಕೊಂಡು, ಎಲ್ಲೋ ಹೋಗಿ ಕುರುಡಾಗಿ ನಿಲ್ಲುವ, ಗೋಡೆ ಸೋರಿ ಪಕ್ಕದಲ್ಲಿ ಕೆಂಪು ಮಡುಗಟ್ಟಿದ ನಾಳಗಳು. ಮಳೆಯ ಮಾರನೇ ದಿನ ಕಲ್ಲು ಎತ್ತಿದರೆ ಅಡಿಯಲ್ಲಿ ಕಾಣುವ ಹುಳುಗಳಂತೆ.

"ಎಲ್ಲರೂ ಗಡ್ಡೆ ಅಂದ್ರೆ ಏನೋ ರಾಕ್ಷಸ ಅಂದ್ಕೋತಾರೆ," ಮೇಡಂ ಚಹಾ ಹೀರಿದರು. "ಸಾಸಿವೆ ಕಾಳಿನಷ್ಟಿರೋವರೆಗೆ ಅದಕ್ಕೆ ನಾಳಗೀಳ ಏನೂ ಬೇಡ, ಸುತ್ತಲಿಂದ ಜಿನುಗಿದ್ದೇ ಸಾಕು. ಅದಕ್ಕಿಂತ ಬೆಳೀತು ಅನ್ನು, ನಡುಮಧ್ಯೆ ಉಸಿರು ಕಟ್ಟುತ್ತೆ. ಆವಾಗ ಕೂಗು ಹಾಕುತ್ತೆ. ಯಾರಿಗೆ? ಅಕ್ಕಪಕ್ಕದವರಿಗೆ. ಅಲ್ಲೊಂದು ಒಳ್ಳೆ ನಾಳ ತನ್ನ ಪಾಡಿಗೆ ತಾನಿರುತ್ತೆ. ಅದಕ್ಕೇನು ಗೊತ್ತು ಪಾಪ, ಎಲ್ಲೋ ಗಾಯ ಆಗಿದೆ ಅಂದ್ಕೊಂಡು ಮೊಳಕೆ ಬಿಡುತ್ತೆ, ಕೂಗು ಬಂದ ಕಡೆಗೆ ಓಡುತ್ತೆ. ಗಾಯಕ್ಕೆ ಬಂದ ಹಾಗೆ ಎಲ್ಲರೂ ಬರ್ತಾರೆ ಕಣೆ. ನಾರು ನೇಯೋ ಕೋಶಗಳು ಬಂದು ಜಾಗ ಹಸನು ಮಾಡಿಕೊಡ್ತವೆ. ಬಿಳಿಕಣಗಳು ಬರೋದು ಕೊಲ್ಲೋದಕ್ಕೆ. ಬಂದು ಸ್ವಲ್ಪ ಹೊತ್ತು ಸುತ್ತಾಡಿ, ಆಮೇಲೆ ಅವೂ ಉಪಚಾರಕ್ಕೆ ನಿಂತುಬಿಡ್ತವೆ! ಗಡ್ಡೆ ಒಂದೇ ಏನು ಮಾಡೀತು? ಸುತ್ತಲಿನವರ ಒಳ್ಳೇತನ ಇಲ್ಲದಿದ್ದರೆ ಸಾಸಿವೆ ಕಾಳು ಸಾಸಿವೆ ಕಾಳಾಗೇ ಸಾಯ್ತಿತ್ತು." ಅವರು ಎದ್ದರು. "ಅಂದಹಾಗೆ ಅಂಚಿಗೆ ಏನು ಚೆನ್ನಾಗಿ ಬಣ್ಣ ಹಚ್ಚಿದ್ದೀಯೆ. ಇಲ್ಲಿ ಬಂದ ಯಾರೂ ಹೀಗೆ ಹಚ್ಚಿಲ್ಲ. ಒಂದು ಚೂರು ಚೆಲ್ಲಿಲ್ಲ, ಹರಡಿಲ್ಲ. ಮೂರು ಗಂಟೆಗೆ ಸರ್ಜನ್ ಬರ್ತಾರೆ ಇದನ್ನ ನೋಡೋಕೆ. ನಾಳೆ ಬೆಳಿಗ್ಗೆ ಆ ಹೆಂಗಸಿಗೆ ಮತ್ತೆ ಆಪರೇಷನ್ ಇದೆಯಲ್ಲ, ಮೇಲ್ಬದಿಯಲ್ಲಿ ಇನ್ನೊಂದು ತುಂಡು ತೆಗೆಯೋದಕ್ಕೆ. ನೀನೂ ಇರು."

ನಾಳೆ ಬೆಳಿಗ್ಗೆ. ಅವಳು ಎಣಿಸಿದಳು. ಒಂದು, ಎರಡು, ಏಳು. ನೀಲಿಯ ಪಕ್ಕದಲ್ಲಿ ನಲವತ್ತೊಂದು. ಅದು ನಿಜವಾಗಿಯೂ ಮೇಲ್ಬದಿಯೇ? ಮೂರು ಹರಕುಗಳಲ್ಲಿ ಒಂದು. ಅಲ್ಲದಿದ್ದರೆ ನಾಳೆ ಆಕೆಯ ಒಳ್ಳೆಯ ಕಡೆ ಕೊಯ್ಯುತ್ತಾರೆ. ಹೊಸ ತುಂಡು ಬಾಟಲಿಯಲ್ಲಿ ಬರುತ್ತದೆ, ಅದರಲ್ಲಿ ಗಡ್ಡೆ ಇರುವುದಿಲ್ಲ. ಎಲ್ಲರೂ ಖುಷಿಪಡುತ್ತಾರೆ, ರಿಪೋರ್ಟಿನಲ್ಲಿ ಶುದ್ಧ ಎಂದು ಬರೆಯುತ್ತಾರೆ. ಆ ಖುಷಿ ಅವಳಿಗೆ ಈಗಲೇ ಕಾಣುತ್ತಿತ್ತು. ಇನ್ನೊಂದು ಬದಿಯಲ್ಲಿ, ಹೊಲಿದು ಮುಚ್ಚಿದ ಚರ್ಮದ ಕೆಳಗೆ, ಕತ್ತಲಲ್ಲಿ, ಉಳಿದದ್ದು ಕೂಗು ಹಾಕುತ್ತದೆ. ಅದರ ಸುತ್ತ ಒಳ್ಳೆಯ ನಾಳಗಳು ಮೊಳಕೆ ಬಿಡುತ್ತವೆ. ಅಮ್ಮನ ಹೆಚ್ಚಿಗೆಯ ಸೌಟು, ಬ್ಲೇಡಣ್ಣನ 'ತಣ್ಣಗೆ', ಮೇಡಂ ಅವರ 'ಯಾರೂ ಹೀಗೆ ಹಚ್ಚಿಲ್ಲ'. ನನ್ನ ಮೌನಕ್ಕೂ ನಾಳಗಳು ಹುಟ್ಟಿವೆ, ಎಂಬ ವಾಕ್ಯವೊಂದು ಅವಳ ತಲೆಯಲ್ಲಿ ಪೂರ್ತಿಯಾಗಿ, ಅಲ್ಪವಿರಾಮ ಸಮೇತ, ಮೂಡಿತು. ಇವತ್ತು ಡೈರಿಗೆ ಬರೆಯಬಹುದು. ಚೆನ್ನಾಗಿದೆ. ಒಬ್ಬಳ ಎದೆಯ ಕ್ಯಾನ್ಸರನ್ನು ಎತ್ತಿಕೊಂಡು ತನ್ನ ಪುಟಕ್ಕೆ ಒಡವೆ ಮಾಡಿಕೊಳ್ಳುವ ಈ ಹುಡುಗಿ ಯಾರು? ಅವಳು ಮೈಕ್ರೋಸ್ಕೋಪಿನಿಂದ ಕಣ್ಣು ತೆಗೆದಳು. ಕಣ್ಣು ಮುಚ್ಚಿದರೂ ಕಂದು ಹುಳುಗಳು ರೆಪ್ಪೆಯ ಒಳಗೆ ಅಲ್ಲೇ ಇದ್ದವು.

ಆರೇಳು ವರ್ಷದವಳಿದ್ದಾಗ ಅಪ್ಪನ ಮೇಲಧಿಕಾರಿಯ ಮನೆಗೆ ಹೋಗಿದ್ದರು. ದಪ್ಪನೆಯ ಆಂಟಿ ಒಬ್ಬಳು ಎಲ್ಲರಿಗೂ ಹಾಲು ತಂದುಕೊಟ್ಟಳು. ತನಗೆ ಕೊಟ್ಟ ಲೋಟದಲ್ಲಿ, ಕೆನೆಯಡಿ, ಒಂದು ನೊಣ. ಕಾಲು ಇನ್ನೂ ಆಡುತ್ತಿತ್ತು. ಅವಳು ಅಮ್ಮನ ಕಡೆ ನೋಡಿದಳು, ಅಮ್ಮ ಆಂಟಿಯ ಕಡೆ ನಗುತ್ತಿದ್ದಳು. ಅಪ್ಪ ಕುರ್ಚಿಯ ತುದಿಯಲ್ಲಿ ಕೂತಿದ್ದ. ಅವಳು ಕಣ್ಣು ಮುಚ್ಚಿ ಕುಡಿದಳು, ಪೂರ್ತಿ. ನಾಲಿಗೆಯ ಮೇಲೆ ಅದು ಹಾದುಹೋದದ್ದು ಇವತ್ತಿಗೂ ಗೊತ್ತಾಗುತ್ತದೆ, ಒಂದು ಸಣ್ಣ ಗಟ್ಟಿ ಕಾಳು, ಅಂಟಿದಂತೆ, ಜಾರಿದಂತೆ. "ನೋಡಿ ಎಷ್ಟು ಒಳ್ಳೆ ಮಗು, ಹಠ ಇಲ್ಲ, ರಗಳೆ ಇಲ್ಲ," ಎಂದು ಆಂಟಿ ಕೆನ್ನೆ ಹಿಂಡಿದಳು. ಮನೆಗೆ ಬಂದು ವಾಂತಿ ಮಾಡಿದ್ದು ನೊಣಕ್ಕೋ ಆ ಮಾತಿಗೋ ಎಂದು ಅವಳಿಗೆ ಆಗಲೂ ತಿಳಿದಿರಲಿಲ್ಲ.

"ಪುಟ್ಟಕ್ಕ, ಕೌಂಟರಲ್ಲಿ ಯಾರೋ ಕಾಯ್ತಾ ಇದ್ದಾರೆ. ಗುಮಾಸ್ತ ಊಟಕ್ಕೆ ಹೋಗಿದ್ದಾನೆ. ಒಂಚೂರು ನೋಡಮ್ಮ," ಎಂದು ಬ್ಲೇಡಣ್ಣ ಕರೆದ.

ಕೌಂಟರಿನ ಗಾಜಿನ ಆಚೆ ಐವತ್ತರ ಆಸುಪಾಸಿನ ಹೆಂಗಸು. ಎಡಗೈಯನ್ನು ಮೈಗೆ ಒತ್ತಿಕೊಂಡು, ಹೆಗಲು ಒಂದು ಕಡೆ ಇಳಿಸಿ ನಿಂತಿದ್ದಳು. ನಾಳೆ ಆಸ್ಪತ್ರೆಗೆ ಸೇರುವುದಕ್ಕೆ ರಿಪೋರ್ಟಿನ ಇನ್ನೊಂದು ಪ್ರತಿ ಬೇಕಂತೆ. ಚೀಟಿಯ ನಂಬರು ನೋಡುವ ಮೊದಲೇ ಅವಳಿಗೆ ಗೊತ್ತಾಯಿತು. ಬಾಟಲಿಗೆ ಮುಖವಿರುವುದಿಲ್ಲ. ಈ ಮುಖಕ್ಕೆ ಕಿವಿಯ ಬಳಿ ಒಂದು ಮಚ್ಚೆ ಇತ್ತು, ಮೂಗಿನ ಮೇಲೆ ಕನ್ನಡಕದ ಗುರುತು, ತುಟಿಯ ಮೂಲೆಯಲ್ಲಿ ತಿಂದ ಯಾವುದರದ್ದೋ ಒಂದು ಕಣ.

"ನಿಧಾನವಾಗಿ ಹುಡುಕಮ್ಮ, ಅವಸರ ಏನಿಲ್ಲ. ಕೌಂಟರಿನ ಈಚೆ ನಿಲ್ಲೋದು ನನಗೆ ಹೊಸದು, ಮಜಾ ಆಗ್ತಿದೆ. ನಾನು ಪೋಸ್ಟಾಫೀಸಲ್ಲಿ ಪಾರ್ಸೆಲ್ ತೂಗೋಳು, ಇಪ್ಪತ್ತಾರು ವರ್ಷ. ಜನ ನನ್ನನ್ನ ಬೈತಾರೆ, ನಾನು ಕಲ್ಲಿನ ಹಾಗೆ ಕೂತಿರ್ತೀನಿ." ಆಕೆ ಗಾಜಿನ ತೂತಿಗೆ ಬಗ್ಗಿದಳು. "ನನ್ನದನ್ನ ನೋಡಿದ್ದು ನೀವೇನಾ?"

"ಹ್ಞಾಂ... ಮೇಡಂ ನೋಡ್ತಾರೆ. ನಾನು ಬರೀ..."

"ಬರೀ ಏನು? ಕೈಯಲ್ಲಿ ಹಿಡಿದಿರ್ತೀರಲ್ಲ." ಆಕೆ ದನಿ ತಗ್ಗಿಸಿದಳು. "ಒಂದು ಕೇಳ್ತೀನಿ, ನಗಬೇಡಿ. ಎಷ್ಟು ತೂಕ ಇತ್ತು ಅದು? ಡಾಕ್ಟರನ್ನ ಕೇಳಿದೆ, ಅದೆಲ್ಲ ನಿಮಗ್ಯಾಕೆ ಅಂದರು. ನನಗೆ ತೂಕ ಗೊತ್ತಾಗದಿದ್ದರೆ ನಿದ್ದೆ ಬರಲ್ಲ, ಅಭ್ಯಾಸ."

"ಮೂವತ್ತೆಂಟು ಗ್ರಾಂ."

"ಅಷ್ಟೇನಾ!" ಆಕೆ ಗಟ್ಟಿಯಾಗಿ ನಕ್ಕಳು, ನಕ್ಕಿದ್ದಕ್ಕೆ ನೋವಾಗಿ ಕೈ ಒತ್ತಿಕೊಂಡಳು. "ಸಾದಾ ಅಂಚೆಯಲ್ಲೇ ಹೋಗೋದಪ್ಪ. ಇದಕ್ಕೆ ಇಷ್ಟು ರಂಪ." ನಗು ಇಳಿದ ಮೇಲೆ ಆಕೆ ತನ್ನ ಎದೆಯ ಮೇಲ್ಭಾಗವನ್ನು, ಬಟ್ಟೆಯ ಮೇಲೆ, ಎರಡು ಬೆರಳಲ್ಲಿ ತೋರಿಸಿದಳು. "ಇಲ್ಲಿ ಮೇಲ್ಗಡೆ ಒಂಚೂರು ಉಳಿದಿದೆಯಂತೆ. ನಾಳೆ ಅದನ್ನೂ ತೆಗೆದುಬಿಟ್ಟರೆ ಮುಗೀತಂತೆ. ಸದ್ಯ, ಎಲ್ಲಿದೆ ಅಂತಾದರೂ ಗೊತ್ತಾಯ್ತಲ್ಲ. ನೀವೆಲ್ಲ ಇಷ್ಟು ಸೂಕ್ಷ್ಮವಾಗಿ ನೋಡ್ತೀರಿ ಅಂತ ನನಗೆ ಗೊತ್ತೇ ಇರಲಿಲ್ಲ. ವಿಳಾಸ ಸರಿಯಿದ್ದರೆ ಅರ್ಧ ಕೆಲಸ ಆದ ಹಾಗೆ ಅಂತ ನಾನು ದಿನಾ ಬಡ್ಕೋತೀನಿ."

ಹೇಳಬೇಕಾದದ್ದು ಬಾಯಿಗೆ ಬಂದಿತ್ತು. ನಾಲಿಗೆಯ ಮೇಲೆ ಅದೇ ಸಣ್ಣ ಗಟ್ಟಿ ಕಾಳು. ಹೇಳಿದರೆ ಏನಾಗುತ್ತದೆಂದೂ ಗೊತ್ತಿತ್ತು: ದಿಕ್ಕು ಗೊತ್ತಿಲ್ಲವೆಂದಾದರೆ ಗಾಯದ ಸುತ್ತ, ಎಲ್ಲ ಬದಿಯಲ್ಲೂ, ಒಂದೊಂದು ಪದರ ತೆಗೆಯಬೇಕು. ಒಂದು ಚೂರು ಹೋಗುವಲ್ಲಿ ಸುತ್ತಲೂ ಹೋಗುತ್ತದೆ. ಅವಳು ಎರಡು ಮಹಡಿ ಇಳಿಯದಿದ್ದುದಕ್ಕೆ ಈ ಹೆಂಗಸಿನ ಮೈ ಅಷ್ಟು ಕಡಿಮೆಯಾಗುತ್ತದೆ. ಹೇಳದಿದ್ದರೆ ಏನಾಗುತ್ತದೆಂದೂ ಗೊತ್ತಿತ್ತು. ಅವಳು ಪ್ರತಿಯನ್ನು ಗಾಜಿನಡಿ ತಳ್ಳಿದಳು. "ಒಳ್ಳೆ ಹುಡುಗಿ ಕಣಮ್ಮ ನೀನು," ಎಂದು ಆಕೆ ತೂತಿನೊಳಗಿಂದ ಕೈ ತೂರಿಸಿ ಅವಳ ಬೆರಳುಗಳನ್ನು ಹಿಡಿದು ಅಮುಕಿದಳು. ಬೆಚ್ಚನೆಯ, ಒರಟಾದ, ಅಂಟು ಮತ್ತು ಕಾಗದದ ವಾಸನೆಯ ಕೈ. ಅವಳು ಶೌಚಾಲಯಕ್ಕೆ ಓಡಿಹೋಗಿ ಬೇಸಿನ್ನಿಗೆ ಬಗ್ಗಿದಳು. ಏನೂ ಬರಲಿಲ್ಲ. ಬೆಳಿಗ್ಗೆ ತಿಂದಿದ್ದರೆ ತಾನೆ. ಸೋಪು ಹಚ್ಚಿ ಕೈ ತೊಳೆದಳು, ಮತ್ತೆ ತೊಳೆದಳು, ಆಮೇಲೆ ತಾನು ತೊಳೆಯುತ್ತಿರುವುದು ಆ ಹೆಂಗಸಿನ ಸ್ಪರ್ಶವನ್ನು ಎಂದು ಹೊಳೆದು ನಲ್ಲಿ ನಿಲ್ಲಿಸಿದಳು. ಹೇಸಬೇಕಾದದ್ದು ಯಾರು, ಯಾರನ್ನು ಕಂಡು?

ಊಟದ ಡಬ್ಬಿಯನ್ನು ಬಿಚ್ಚದೆ ಬ್ಲೇಡಣ್ಣನ ಮುಂದಿಟ್ಟಳು. ಅವನು ಅರ್ಧ ತಿಂದು, ಅರ್ಧ ಅವಳಿಗೇ ಎಂದು ಮುಚ್ಚಿಟ್ಟ. "ಅಣ್ಣ," ಎಂದಳು. ಅವನು ತಲೆಯೆತ್ತಿದ. "ಒಂದು ವೇಳೆ ಬಣ್ಣ ಹಚ್ಚಿದ್ದು ತಪ್ಪಾದರೆ..."

ಅವನು ಬೆರಳು ನೆಕ್ಕುವುದನ್ನು ನಿಲ್ಲಿಸಿದ. ತುಸು ಹೊತ್ತು ಅವಳನ್ನೇ ನೋಡಿದ. ಆ ನೋಟದಲ್ಲಿ ಪ್ರಶ್ನೆ ಹುಟ್ಟಿದ್ದೂ, ಅವನೇ ಅದನ್ನು ಮೆಲ್ಲನೆ ಅದುಮಿದ್ದೂ ಅವಳಿಗೆ ಕಂಡಿತು. "ನಿನ್ನ ಕೈಲಿ ಎಲ್ಲಿ ತಪ್ಪಾಗುತ್ತೆ ಬಿಡಮ್ಮ," ಎಂದ. "ಆದರೂ ಈಗ ಯಾರಿಗೆ ಗೊತ್ತಾಗುತ್ತೆ? ಸುಮ್ಮನೆ ತಲೆ ಕೆಡಿಸ್ಕೋಬೇಡ. ಉಣ್ಣು." ಡಬ್ಬಿಯನ್ನು ಅವಳ ಕಡೆಗೆ ತಳ್ಳಿದ. ಮೂವತ್ತು ವರ್ಷ ಒಂದು ಪದರವನ್ನೂ ಹರಿಯದೆ ಕತ್ತರಿಸಿದವನು, ಅವಳನ್ನು ಮಗಳಂತೆ ನೋಡಿಕೊಂಡವನು. ಕೆಟ್ಟವನಲ್ಲ. ಅದನ್ನೇ ಅವಳಿಂದ ತಡೆದುಕೊಳ್ಳಲಾಗಲಿಲ್ಲ. ಅನ್ನದ ಅಗುಳೊಂದು ಅವನ ಗಡ್ಡಕ್ಕೆ ಅಂಟಿಕೊಂಡಿತ್ತು. ಅವಳು ಎದ್ದು ಕಿಟಕಿಯ ಬಳಿ ಹೋಗಿ ನಿಂತಳು. ಕೆಳಗೆ ಬಸ್ ನಿಲ್ದಾಣದಲ್ಲಿ ಪೋಸ್ಟಾಫೀಸಿನ ಹೆಂಗಸು, ಹೆಗಲು ಇಳಿಸಿಕೊಂಡು, ಯಾವ ನಂಬರಿನ ಬಸ್ಸೆಂದು ಪಕ್ಕದವರನ್ನು ಕೇಳುತ್ತಿದ್ದಳು.

ಮೂರು ಗಂಟೆಗೆ ಸರ್ಜನ್ ಬಂದರು. ದೊಡ್ಡ ಆಳು, ಕಾಲಿಗೆ ಇನ್ನೂ ಥಿಯೇಟರಿನ ಚಪ್ಪಲಿ. ಬಾಗಿಲಲ್ಲೇ, "ಏನಿದು ಮೇಡಂ, ನಿಮ್ಮ ಲ್ಯಾಬಿಗೆ ಬಂದರೆ ಎರಡು ದಿನ ನನ್ನ ಹೆಂಡತಿ ಹತ್ತಿರ ಸೇರಿಸಲ್ಲ, ಈ ವಾಸನೆಗೆ," ಅಂದರು. ಮೇಡಂ, "ಆಮೇಲೆ ಸೇರಿಸ್ತಾರಾ? ತಾಳ್ಮೆ ಇದೆ ಪಾಪ," ಅಂದರು. ಇಬ್ಬರೂ ಮೈಕ್ರೋಸ್ಕೋಪಿನ ಎರಡು ಬದಿ ಕೂತರು. ಅವಳು ಮೇಡಂ ಹಿಂದೆ, ಗೋಡೆಗೆ ಬೆನ್ನು ಕೊಟ್ಟು, ನಂಬರು ಬರೆದ ಹಾಳೆ ಹಿಡಿದು ನಿಂತಳು.

"ಇಲ್ಲಿ ನೋಡಿ. ನೀಲಿಯನ್ನ ಮುಟ್ಟಿಬಿಟ್ಟಿದೆ."

"ಹೌದಲ್ಲ. ಅಚ್ಚರಿ. ಮೇಲ್ಗಡೆ ನಾನು ಸಾಕಷ್ಟು ಬಿಟ್ಟೇ ಕೊಯ್ದಿದ್ದೆ. ಕೆಳಗಡೆ ಸ್ವಲ್ಪ ಅನುಮಾನ ಇತ್ತು, ಮೇಲ್ಗಡೆ ಅಲ್ಲ." ಸರ್ಜನ್ ಮೈಕ್ರೋಸ್ಕೋಪಿನಿಂದ ತಲೆಯೆತ್ತಿ ಕತ್ತು ಉಜ್ಜಿಕೊಂಡರು. "ಕೈ ನೆನಪು ಅಷ್ಟು ಸುಳ್ಳು ಹೇಳುತ್ತಾ?"

"ಕೈ ನೆನಪು ಬಿಡಿ. ಸ್ಲೈಡು ಸುಳ್ಳು ಹೇಳಲ್ಲ," ಎಂದು ಮೇಡಂ ನಕ್ಕರು. "ಈ ಹುಡುಗಿ ಹಚ್ಚಿದ ಬಣ್ಣ. ಇವಳ ಮೇಲೆ ಕಣ್ಣು ಮುಚ್ಚಿ ನಂಬಿಕೆ ಇಡಬಹುದು."

ಸರ್ಜನ್ ಮೊದಲ ಸಲ ಅವಳ ಕಡೆ ನೋಡಿದರು, ಒಳ್ಳೆಯ ನೋಟ, ದಣಿದದ್ದು. ಅವರಿಗೆ ಅವಳು ಯಾರೆಂದು ನೆನಪಿರಲಿಲ್ಲ. "ಸರಿ ಹಾಗಾದರೆ. ಮೇಡಂ ಹೇಳಿದ ಮೇಲೆ ಮುಗೀತು. ನಾಳೆ ಮೇಲ್ಗಡೆ ಒಂದು ಸೆಂಟಿಮೀಟರ್ ತೆಗೆದುಬಿಡ್ತೀನಿ," ಎಂದು ಜೇಬಿನಿಂದ ಪೆನ್ನು ತೆಗೆದು ಚೀಟಿಯ ಮೇಲೆ ಒಂದು ವೃತ್ತ ಬರೆದು, ಅದರ ಮೇಲ್ತುದಿಯಲ್ಲಿ ಗೀಟು ಹಾಕತೊಡಗಿದರು. ಪೆನ್ನು ಮೂಡಲಿಲ್ಲ. ಕೊಡವಿದರು. ಮತ್ತೆ ಎಳೆದರು.

ಅವಳ ಬೆನ್ನಿಗೆ ಗೋಡೆಯ ತಣ್ಣನೆ. ಕುತ್ತಿಗೆಯಲ್ಲಿ ರಕ್ತ ಬಡಿಯುವುದು ಅವಳಿಗೆ ಕೇಳುತ್ತಿತ್ತು. ಈ ರಕ್ತ ಇಷ್ಟು ದಿನ ಯಾರನ್ನು ಸಾಕಿತು? ಕೈಯೆಲ್ಲ ಬೆವೆತು ಹಾಳೆಯ ಮೇಲಿನ ನಲವತ್ತೊಂದು ಕಲಸಿಹೋಗಿತ್ತು. ತನ್ನ ಬಾಯಿಯ ವಾಸನೆ ತನಗೇ ಬಡಿಯಿತು, ಖಾಲಿ ಹೊಟ್ಟೆಯ, ಮುಚ್ಚಿಟ್ಟ ಡಬ್ಬಿಯ ವಾಸನೆ. ಬಾಯಿ ತೆರೆದರೆ ಇದು ಎಲ್ಲರ ಮೂಗಿಗೂ ಬಡಿಯುತ್ತದೆ ಎಂಬ ಅಸಂಬದ್ಧ ನಾಚಿಕೆಯೊಂದು ಕೊನೆಯದಾಗಿ ಅಡ್ಡ ನಿಂತಿತು. ಬಡಿಯಲಿ.

"ಅದು ಮೇಲ್ಬದಿ ಅಂತ ನನಗೆ ಗೊತ್ತಿಲ್ಲ ಸರ್," ಎಂದಳು. ಪೆನ್ನು ನಿಂತಿತು. ಮೇಡಂ ತಿರುಗಿದರು. ಅವಳ ದನಿ ಸಣ್ಣದಾಗಿಯೇ ಇತ್ತು, ಆದರೆ ಕೋಣೆಯಲ್ಲಿ ಬೇರೆ ಸದ್ದಿರಲಿಲ್ಲ. "ಗಿಡ್ಡ ದಾರ ಬಿದ್ದುಹೋಗಿತ್ತು. ನಾನು ಕೇಳಲಿಲ್ಲ. ಸುಮ್ಮನೆ ಊಹೆ ಮಾಡಿ ನೀಲಿ ಹಚ್ಚಿದೆ. ಆಮೇಲೆ ಬಾಟಲಿಯಲ್ಲಿ ದಾರ ಸಿಕ್ಕಿತು, ಅದನ್ನ ಎಸೆದೆ."